ನಲವತ್ತೊಂದನೆಯ ಸಾಲು

ನಲವತ್ತೊಂದನೆಯ ಸಾಲಿನ ಮೇಲೆ ಒಫೀಲಿಯಾ ಬುಸ್ತಮಾಂತೆಯ ಪೆನ್ಸಿಲ್ ನಿಂತಿತು. ಅಲ್ಲಿದ್ದ ಅಂಕಿ 6,579. ಇರಬೇಕಾದದ್ದು 6,214. ಗೋಡೆ ಗಡಿಯಾರ ನೋಡಿದಳು. ಗುರುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ.

ಆ ಸಾಲಿನ ಗೆಲಾಕ್ಸಿ ಸಿಂಹ ರಾಶಿಯ ದಿಕ್ಕಿನದು. ಅದು ಸೆಕೆಂಡಿಗೆ ಎಷ್ಟು ಕಿಲೋಮೀಟರ್ ವೇಗದಲ್ಲಿ ದೂರವಾಗುತ್ತಿದೆ ಎಂದು ಹತ್ತೊಂಬತ್ತು ವರ್ಷದ ಹಿಂದೆ ಅಳೆದವಳು ಅವಳೇ. ಟೂಸಾನ್‌ನ ಪಶ್ಚಿಮದ ಬೆಟ್ಟದ ಮೇಲಿನ ದೂರದರ್ಶಕದಲ್ಲಿ, ಮಾರ್ಚ್ ತಿಂಗಳ ಚಳಿಯಲ್ಲಿ. ಪಟ್ಟಿಯಲ್ಲಿದ್ದ ಅರವತ್ತನಾಲ್ಕು ಗೆಲಾಕ್ಸಿಗಳ ವೇಗವೂ ಅವಳಿಗೆ ಮನೆಯವರ ಫೋನ್ ನಂಬರಿನ ಹಾಗೆ ಬಾಯಿಗೆ ಬರುತ್ತಿತ್ತು.

ಒಂದು ಹಾಳೆ ತೆಗೆದು 6,579ರಲ್ಲಿ 6,214 ಕಳೆದಳು. 365. ಅಷ್ಟು ಸಾಕಾಗಿತ್ತು. ನಮ್ಮ ಸೂರ್ಯನೂ ನಿಂತಿಲ್ಲ; ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ, ಹೆಚ್ಚೂಕಡಿಮೆ ಆ ಸಿಂಹ ರಾಶಿಯ ದಿಕ್ಕಿಗೇ ಹೋಗುತ್ತಿದ್ದಾನೆ. ಬೇರೆ ಗೆಲಾಕ್ಸಿ ಎಷ್ಟು ದೂರವಾಗುತ್ತಿದೆ ಎಂದು ಹೇಳುವ ಮೊದಲು ನಮ್ಮ ಈ ಓಟದ ಲೆಕ್ಕ ತೀರಿಸಬೇಕು. ಒಫೀಲಿಯಾ ತನ್ನ ಪಟ್ಟಿಯಲ್ಲಿ ಅದನ್ನು ಆಗಲೇ ತೀರಿಸಿದ್ದಳು. ತಂಡದ ಮುಖ್ಯಸ್ಥೆ ಲಿನಿಯಾ ಹಾಗಾಳ ಪ್ರೋಗ್ರಾಂ ಅದನ್ನು ಇನ್ನೊಮ್ಮೆ ತೀರಿಸಿತ್ತು. ಅರವತ್ತನಾಲ್ಕೂ ಸಾಲುಗಳಲ್ಲಿ ಎರಡೆರಡು ಬಾರಿ.

ಗೆಲಾಕ್ಸಿಗಳು ಆಕಾಶದ ಎಲ್ಲ ಕಡೆ ಸಮನಾಗಿ ಹಂಚಿದ್ದರೆ ಈ ಕಡೆಯ ತಪ್ಪು ಆ ಕಡೆಯ ತಪ್ಪನ್ನು ನುಂಗಿಬಿಡುತ್ತಿತ್ತು. ಹಾಗಿರಲಿಲ್ಲ. ಅರಿಜೋನದಲ್ಲಿ ಜುಲೈ, ಆಗಸ್ಟ್ ಬಂತೆಂದರೆ ಮಳೆ, ಗುಡುಗು. ಬೆಟ್ಟದ ಗುಮ್ಮಟಗಳನ್ನು ಮುಚ್ಚಿಬಿಡುತ್ತಾರೆ. ಎದುರು ದಿಕ್ಕಿನ ಕುಂಭ ರಾಶಿ ಚೆನ್ನಾಗಿ ಮೇಲೆ ಬರುವ ಕಾಲ ಅದೇ. ಹಾಗಾಗಿ ಅವಳ ಪಟ್ಟಿಯಲ್ಲಿ ವಸಂತದ ಆಕಾಶದವು ನಲವತ್ತೇಳು, ಆ ಕಡೆಯವು ಬರೀ ಹದಿನೇಳು. ಪೆನ್ಸಿಲ್ಲಿನಲ್ಲಿ ಅಂದಾಜು ಹಾಕಿದಳು. ಎಲ್ಲ ಸೇರಿ ಕೊನೆಗೆ ಬರುವ ಅಂಕಿ, ವಿಶ್ವ ಎಷ್ಟು ಬೇಗ ಹಿಗ್ಗುತ್ತಿದೆ ಎನ್ನುವ ಆ ಒಂದೇ ಒಂದು ಅಂಕಿ, ಒಂದಕ್ಕಿಂತ ಸ್ವಲ್ಪ ಹೆಚ್ಚೇ ಮೇಲಕ್ಕೆ ಹೋಗುತ್ತದೆ. ಎಪ್ಪತ್ತರ ಆಸುಪಾಸಿನ ಅಂಕಿಗೆ ಒಂದು ಕೂಡಿಸಿದರೆ ವಿಶ್ವದ ವಯಸ್ಸಿನಲ್ಲಿ ಇಪ್ಪತ್ತು ಕೋಟಿ ವರ್ಷ ಹೋಯಿತು. ಲಿನಿಯಾ ತನ್ನ ಉತ್ತರದಲ್ಲಿ ಹೆಚ್ಚೆಂದರೆ 0.8ರಷ್ಟು, ಒಂದಕ್ಕಿಂತ ಕಡಿಮೆಯೇ, ತಪ್ಪಿರಬಹುದು ಎಂದು ಊರಿಗೆಲ್ಲ ಹೇಳಿದ್ದಳು.

ಒಫೀಲಿಯಾ ಪೆನ್ಸಿಲ್ ಕೆಳಗಿಟ್ಟಳು. ಎದೆಯಲ್ಲಿ ಏನೋ ಹಗುರಾಯಿತು. ಅದು ಖುಷಿ ಎಂದು ಗೊತ್ತಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಲಕೋಟೆ ತೆರೆಯುವುದಿತ್ತು. ಅವರ ಕೆಲಸದಲ್ಲಿ ಅದು ಪದ್ಧತಿ. ತಮಗೆ ಬೇಕಾದ ಉತ್ತರದ ಕಡೆ ತಾವೇ ವಾಲದಿರಲಿ ಎಂದು ಎಲ್ಲ ದೂರಗಳಿಗೂ ಮೊದಲೇ ಒಂದು ಗುಟ್ಟಿನ ಸಂಖ್ಯೆ ಕೂಡಿಸಿ, ಅದನ್ನು ಲಕೋಟೆಯಲ್ಲಿ ಮುಚ್ಚಿಟ್ಟಿರುತ್ತಾರೆ. ಎರಡು ವರ್ಷ ಎಲ್ಲರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರಂತೆ ದುಡಿಯುತ್ತಾರೆ. ಕೊನೆಯ ದಿನ ಆ ಸಂಖ್ಯೆಯನ್ನು ತೆಗೆದಾಗ ಏನು ಬರುತ್ತದೋ ಅದನ್ನೇ ಅಚ್ಚಿಗೆ ಕೊಡಬೇಕು. ತೆರೆದ ಮೇಲೆ ಒಂದು ಅಲ್ಪವಿರಾಮವನ್ನೂ ತಿದ್ದುವಂತಿಲ್ಲ. ಹಿಂದಿನ ದಿನ ಸಂಜೆ ಐದರೊಳಗೆ ಪ್ರತಿಯೊಬ್ಬರೂ ತಮ್ಮ ಪಾಲಿನ ಸಾಲುಗಳನ್ನು ಓದಿ, ‘ನೋಡಿದ್ದೇನೆ, ಸರಿಯಿದೆ’ ಎಂದು ಸಹಿ ಹಾಕಬೇಕು. ಒಫೀಲಿಯಾ ಓದುತ್ತಿದ್ದದ್ದು ಅದಕ್ಕೇ.

ಅವಳು ಈ ತಪ್ಪನ್ನು ಹೇಳಿದರೆ ಶುಕ್ರವಾರದ ಸಮಾರಂಭ ನಿಲ್ಲುತ್ತದೆ, ಲಿನಿಯಾ ತಿದ್ದಿಕೊಳ್ಳುತ್ತಾಳೆ, ಆರು ವಾರದ ನಂತರ ಸರಿಯಾದ ಅಂಕಿಯೊಂದಿಗೆ ಲಿನಿಯಾಳದೇ ಹೆಸರು ವಿಜ್ಞಾನ ಪತ್ರಿಕೆಯಲ್ಲಿ ಬರುತ್ತದೆ. ಹೇಳದಿದ್ದರೆ ತಪ್ಪು ಅಂಕಿಯೊಂದಿಗೆ ಬರುತ್ತದೆ. ಆಮೇಲೆ ಯಾವನೋ ಒಬ್ಬ, ಟೊರಾಂಟೋದಲ್ಲೋ ಬಾಲ್ಟಿಮೋರಿನಲ್ಲೋ ಕೂತು ಒಂದೇ ವರ್ಷದಲ್ಲಿ ಅದನ್ನು ಹಿಡಿಯುತ್ತಾನೆ. ಹಿಡಿದೇ ಹಿಡಿಯುತ್ತಾನೆ.

‘ಕೇಳಬೇಕಿತ್ತು,’ ಎಂದುಕೊಂಡಳು ಒಫೀಲಿಯಾ. ‘ಪಟ್ಟಿ ನನ್ನದು. ನನ್ನನ್ನ ಒಂದು ಮಾತು ಕೇಳೋದಕ್ಕೇನು ದಾಡಿ?’

*

ಹನ್ನೆರಡೂವರೆಗೆ ಅವಳು ನೆಲಮಾಳಿಗೆಯ ವರ್ಕ್‌ಶಾಪಿಗೆ ಇಳಿದಳು. ವರ್ನನ್ ಆಂಟೋನ್ ಲೇತ್ ಯಂತ್ರ ನಿಲ್ಲಿಸಿ ಊಟದ ಡಬ್ಬಿ ಬಿಚ್ಚಿದ್ದ. ಮೂವತ್ತೊಂದು ವರ್ಷದಿಂದ ದೂರದರ್ಶಕಗಳ ಬಿಡಿಭಾಗ ಕಡೆಯುವವನು. ಊರು ಸೆಲ್ಸ್, ಪಶ್ಚಿಮಕ್ಕೆ ಅರವತ್ತು ಮೈಲಿ. ಬೆಟ್ಟವೂ ದೂರದರ್ಶಕವೂ ಇರುವುದು ಅವನ ಓ‌ಓಧಮ್ ಮೂಲನಿವಾಸಿ ಜನರ ನೆಲದಲ್ಲೇ. ಗುಟ್ಟಿನ ಸಂಖ್ಯೆಯನ್ನು ಕಾಯುವ ಕೆಲಸ ಲಿನಿಯಾ ಅವನಿಗೆ ವಹಿಸಿದ್ದಳು. ತಂಡಕ್ಕೆ ಸೇರದವನು, ಬಾಯಿ ಬಿಡದವನು.

“ಬನ್ನಿ ಡಾಕ್ಟ್ರೇ. ನಾಳೆ ಮದ್ವೆ, ಇವತ್ತು ಮುಖ ನೋಡಿದ್ರೆ ತಿಥಿ ಊಟಕ್ಕೆ ಬಂದಂಗಿದೆ.”

“ಬಿಸಿಲು,” ಎಂದಳು ಒಫೀಲಿಯಾ.

“ಬಿಸಿಲು ಹೊರಗಿರೋದು. ಇಲ್ಲಿ ಎಸಿ ಹಾಕಿದೀನಿ.” ಅವನು ಟೋರ್ಟಿಯಾ ರೊಟ್ಟಿಯ ಅರ್ಧ ಹರಿದು, ಅದರ ಮೇಲೆ ಬೇಯಿಸಿದ ಟೆಪರಿ ಕಾಳು ಹಾಕಿ ಅವಳ ಮುಂದಿಟ್ಟ. “ನನ್ ತಂಗಿ ಮಾಡಿದ್ದು. ತಿನ್ನಿ. ಒಂದು ವಿಷ್ಯ ಕೇಳ್ಲಾ? ಎರಡು ವರ್ಷದಿಂದ ಕೇಳ್ಬೇಕು ಅಂತಿದ್ದೆ. ಎಲ್ಲಾ ಹಿಗ್ತಾ ಇದೆ ಅಂತೀರಲ್ಲ, ಹಂಗಾದ್ರೆ ಇಲ್ಲಿಂದ ಸೆಲ್ಸ್‌ಗೂ ದೂರ ಜಾಸ್ತಿ ಆಗ್ತಿದ್ಯಾ? ನನ್ನ ಟ್ರಕ್ಕಿನ ಪೆಟ್ರೋಲ್ ನೋಡಿದ್ರೆ ಹಂಗೇ ಅನ್ಸುತ್ತೆ.”

ಒಫೀಲಿಯಾಗೆ ನಗು ಬಂತು. “ಇಲ್ಲ ಮಾರಾಯ. ಹಿಗ್ಗೋದು ಗೆಲಾಕ್ಸಿ ಗುಂಪುಗಳ ಮಧ್ಯದ ಜಾಗ. ಅಲ್ಲಿ ಯಾರೂ ಓಡ್ತಿಲ್ಲ, ಮಧ್ಯದ ಜಾಗವೇ ಹೆಚ್ಚಾಗ್ತಿದೆ. ವಸ್ತು ಒತ್ತೊತ್ತಾಗಿರೋ ಕಡೆ ಅದರ ಸೆಳೆತವೇ ಗೆಲ್ಲುತ್ತೆ. ಭೂಮಿ, ಸೂರ್ಯ, ಟೂಸಾನ್, ಸೆಲ್ಸ್, ನೀನು, ನಾನು, ಯಾರೂ ಹಿಗ್ಗಲ್ಲ.”

“ನನ್ ಬೆಲ್ಟಿಗೆ ಸ್ವಲ್ಪ ಹೇಳಿ ಅದನ್ನ.” ವರ್ನನ್ ಹೊಟ್ಟೆ ತಟ್ಟಿಕೊಂಡ. “ಆಯ್ತು. ಹಿಗ್ಗೋ ಲೆಕ್ಕ ಸಿಕ್ರೆ ಏನು ಲಾಭ?”

“ಹಿಂದಕ್ಕೆ ಓಡಿಸಬಹುದು. ಈಗ ಎಷ್ಟು ಬೇಗ ದೂರ ಆಗ್ತಿವೆ, ಒಳಗಿರೋ ವಸ್ತು ಎಷ್ಟು ತಡೆದಿದೆ, ಎರಡೂ ಗೊತ್ತಾದ್ರೆ, ಎಲ್ಲ ಒಂದೇ ಕಡೆ ಇದ್ದ ಹೊತ್ತು ಯಾವುದು ಅಂತ ಗೊತ್ತಾಗುತ್ತೆ.”

“ಎಲ್ಲ ಒಂದೇ ಕಡೆ ಇದ್ದಾಗ ಜಗಳ ಇರ್ಲಿಲ್ವಾ?”

“ಬರೀ ಬಿಸಿ ಇತ್ತು.”

“ಜೂನ್ ತಿಂಗಳ ಟೂಸಾನ್ ಅನ್ನಿ.” ಅವನು ಡ್ರಿಲ್ ಬಿಟ್ಟುಗಳ ಖಾನೆ ಎಳೆದು, ಕೆಳಗಿನಿಂದ ಒಂದು ಕಂದು ಲಕೋಟೆ ತೋರಿಸಿದ. ಮೂಲೆಗೆ ಎಣ್ಣೆಯ ಕಲೆ ಹತ್ತಿತ್ತು. “ನೋಡಿ, ನಿಮ್ಮ ಗುಟ್ಟು. ಹೆಂಡ್ತಿಗೂ ಹೇಳಿಲ್ಲ.”

“ಕೇಳಿದ್ಲಾ?”

“ಇಲ್ಲ. ಅದೇ ಬೇಜಾರು.”

ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಲಿನಿಯಾ ಇಳಿದು ಬಂದಳು. ವಯಸ್ಸು ಮೂವತ್ತೊಂಬತ್ತು, ಎತ್ತರದ ಹೆಂಗಸು. ಈ ಊರಿಗೆ ಬಂದು ಹದಿನಾರು ವರ್ಷವಾದರೂ ಮೂಗಿನ ತುದಿ ಬಿಸಿಲಿಗೆ ಸುಲಿಯುವುದು ನಿಂತಿರಲಿಲ್ಲ. ಮಿನೆಸೋಟದ ಡುಲೂತ್‌ನಿಂದ ಬಂದಾಗ ಅವಳು ಒಫೀಲಿಯಾಳ ವಿದ್ಯಾರ್ಥಿನಿ. ಮೊದಲ ಜೂನ್‌ನಲ್ಲಿ ಕಾರಿನ ಸ್ಟೀರಿಂಗ್ ಹಿಡಿದು ಅಂಗೈ ಸುಟ್ಟುಕೊಂಡಾಗ, ಒಲೆಯಿಂದ ಬಿಸಿ ಪಾತ್ರೆ ಇಳಿಸುವ ಕೈಗವಸೊಂದನ್ನು ಒಫೀಲಿಯಾ ಕೊಟ್ಟು, ‘ಇಲ್ಲಿ ಕಾರು ಓಡಿಸೋದು ಹೀಗೆ’ ಎಂದು ತೋರಿಸಿದ್ದಳು. ಈಗ ಲಿನಿಯಾಗೆ ನೆರಳಿನ ಪಾರ್ಕಿಂಗ್ ಇದೆ. ಸೌರಫಲಕಗಳ ಚಾವಣಿಯ ಕೆಳಗೆ, ಹೆಸರು ಬರೆದ ಜಾಗ. ಆ ಸಾಲಿನಲ್ಲಿ ಜಾಗಕ್ಕಾಗಿ ಒಫೀಲಿಯಾ ಅರ್ಜಿ ಹಾಕಿ ಹನ್ನೊಂದು ವರ್ಷವಾಗಿದೆ.

“ನಿಮ್ಮನ್ನೇ ಹುಡುಕ್ತಿದ್ದೆ,” ಎಂದಳು ಲಿನಿಯಾ. “ನಾಳೆ ಲಕೋಟೆ ನೀವೇ ತೆರೀಬೇಕು.”

“ನಾನಾ?”

“ಮತ್ಯಾರು? ನಿಮ್ಮ ಪಟ್ಟಿ ಇಲ್ದಿದ್ರೆ ನಾವೆಲ್ಲ ಏನು ಅಳೀತಿದ್ವಿ? ಪತ್ರಿಕೆಯೋರೂ ಬರ್ತಾರೆ. ನೀವು ತೆರೆಯೋ ಫೋಟೋ ಹಾಕ್ಸೋಣ.”

ಒಫೀಲಿಯಾ ಟೋರ್ಟಿಯಾದ ತುಂಡನ್ನು ಸಣ್ಣದಾಗಿ ಹರಿದಳು. ಕಳೆದ ತಿಂಗಳು ಇದೇ ಪತ್ರಿಕೆ ಇಡೀ ಒಂದು ಪುಟ ಬರೆದಿತ್ತು. ‘ಹಾಗಾ ಅವರ ಪಟ್ಟಿಯ ಅರವತ್ತನಾಲ್ಕು ಗೆಲಾಕ್ಸಿಗಳು’ ಎಂದಿತ್ತು ನಾಲ್ಕನೇ ಪ್ಯಾರಾದಲ್ಲಿ. ತಿದ್ದುಪಡಿ ಬಂದಿರಲಿಲ್ಲ.

“ನೋಡೋಣ,” ಎಂದಳು.

“ನೋಡೋಣ ಅಂದ್ರೆ ಒಪ್ಪಿದ್ರು ಅಂತ,” ಲಿನಿಯಾ ವರ್ನನ್ನನ ಕಡೆ ತಿರುಗಿ ಹೇಳಿದಳು. “ನಾನು ಇವರ ಹತ್ರ ಐದು ವರ್ಷ ಕಲ್ತಿದೀನಿ, ನಂಗೊತ್ತು. ಒಂದು ಸಲ ನನ್ನ ಇಡೀ ಅಧ್ಯಾಯ ಓದಿ ‘ನೋಡೋಣ’ ಅಂದಿದ್ರು. ನಾನು ರೂಮಿಗೆ ಹೋಗಿ ಕುಣಿದಿದ್ದೆ.” ನಗುತ್ತಾ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದಳು.

“ಒಳ್ಳೆ ಹುಡುಗಿ,” ಎಂದ ವರ್ನನ್.

“ಕೊಡೋದು ಸುಲಭ,” ಎಂದಳು ಒಫೀಲಿಯಾ, “ಕೈ ಮೇಲಿದ್ದಾಗ.”

ವರ್ನನ್ ಲಕೋಟೆಯನ್ನು ಒಳಗಿಟ್ಟು ಖಾನೆ ಮುಚ್ಚಿದ.

ಸಂಜೆ ನಾಲ್ಕು ಐವತ್ತಕ್ಕೆ ಅವಳು ಅರವತ್ತನಾಲ್ಕು ಸಾಲುಗಳ ಕೆಳಗೆ ಸಹಿ ಹಾಕಿದಳು. ನೋಡಿದ್ದೇನೆ, ಸರಿಯಿದೆ. ಹೊರಗೆ ಫ್ಯಾರನ್‌ಹೀಟಿನಲ್ಲಿ ನೂರೆಂಟು ಡಿಗ್ರಿ. ತನ್ನ ಕಾರಿಗೆ ಹೋಗುವ ದಾರಿಯಲ್ಲಿ ಲಿನಿಯಾಳ ಜಾಗ ಸಿಗುತ್ತಿತ್ತು. ನೆರಳಲ್ಲಿ ತಣ್ಣಗೆ ನಿಂತ ಕಾರಿನ ಗಾಜಿನಾಚೆ, ಡ್ಯಾಶ್‌ಬೋರ್ಡಿನ ಮೇಲೆ, ಕಳ್ಳಿಗಿಡದ ಚಿತ್ರವಿದ್ದ, ತಾನು ಕೊಟ್ಟಿದ್ದ ಹಳೆಯ ಕೈಗವಸು ಬಿದ್ದಿತ್ತು. ಬೆರಳ ತುದಿಗಳು ಸವೆದು ಹತ್ತಿ ಕಾಣುತ್ತಿತ್ತು. ‘ನೆರಳಲ್ಲಿ ನಿಲ್ಲಿಸೋಳಿಗೆ ಇದು ಯಾಕೆ? ನೋಡಿದೋರು ನೋಡ್ಲಿ ಅಂತ ಇಟ್ಟಿರೋದು,’ ಎಂದುಕೊಂಡಳು ಒಫೀಲಿಯಾ. ತನ್ನ ಕಾರಿನಲ್ಲಿ ಕೈಗವಸು ಸಿಗದೆ, ಅಂಗಿಯ ತುದಿಯಿಂದ ಸ್ಟೀರಿಂಗ್ ಹಿಡಿದು ಮನೆಗೆ ಹೋದಳು.

*

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೇ ಬಂದಳು. ಕೆಲಸವೇನೂ ಇರಲಿಲ್ಲ. ತಪ್ಪು ಎಲ್ಲಿ ಆಗಿದೆ ಎಂದು ಕಣ್ಣಾರೆ ನೋಡಬೇಕಿತ್ತು. ಲಿನಿಯಾಳ ಕೈಯಲ್ಲೇ, ಅವಳದೇ ಅಕ್ಷರದಲ್ಲಿ. ಹಿಂದಿನ ದಿನವಿಡೀ ಆ ಆಸೆಯನ್ನು ತಿಂಡಿಪೋತ ಮಗು ಮಿಠಾಯಿ ಉಳಿಸಿಕೊಂಡ ಹಾಗೆ ಉಳಿಸಿಕೊಂಡಿದ್ದಳು.

ಪ್ರೋಗ್ರಾಮಿನ ಒಂಬೈನೂರು ಚಿಲ್ಲರೆ ಸಾಲು ಇಳಿಸುತ್ತಾ ಬಂದಳು. ಅಚ್ಚುಕಟ್ಟಾಗಿತ್ತು. ಪ್ರತಿ ಹೆಜ್ಜೆಗೂ ಅಲ್ಲಿ ಏನು ಮಾಡುತ್ತಿದ್ದೇವೆ, ಏಕೆ ಎಂದು ಟಿಪ್ಪಣಿ. ಯಂತ್ರ ಅದನ್ನು ಓದುವುದಿಲ್ಲ, ಮುಂದೆ ಬರುವ ಮನುಷ್ಯರಿಗಾಗಿ ಬರೆದಿಡುವುದು. ಹಾಗೆ ಬರೆಯಲು ಕಲಿಸಿದ್ದೂ ಒಫೀಲಿಯಾಳೇ. ನಾನೂರ ಹನ್ನೆರಡನೆಯ ಸಾಲಿನಲ್ಲಿ ಅವಳ ಪಟ್ಟಿ ಒಳಗೆ ಬರುತ್ತಿತ್ತು. ಅದರ ಮುಂದಿನ ಸಾಲಿನಲ್ಲಿ ಸೂರ್ಯನ ಓಟದ ತಿದ್ದುಪಡಿ. ನಡುವೆ ಟಿಪ್ಪಣಿ:

‘ಈ ವೇಗಗಳಲ್ಲಿ ನಮ್ಮ ಚಲನೆಯನ್ನು ಆಗಲೇ ತಿದ್ದಿದೆಯೇ, ಇಲ್ಲವೇ? ಒಫೀಲಿಯಾರನ್ನು ಕೇಳಿದ್ದೇನೆ, ಮಾರ್ಚ್ 9. ಉತ್ತರ ಬಂದಿಲ್ಲ. ತಿದ್ದಿಲ್ಲ ಎಂದುಕೊಂಡು ಮುಂದೆ ಹೋಗುತ್ತಿದ್ದೇನೆ. ತಪ್ಪಾಗಿದ್ದರೆ ಅವರು ಕೊನೆಯ ಓದಿನಲ್ಲಿ ಹಿಡಿದೇ ಹಿಡಿಯುತ್ತಾರೆ. — ಲಿ.’

ಒಫೀಲಿಯಾ ಅದನ್ನು ಎರಡು ಸಲ ಓದಿದಳು. ಆಮೇಲೆ ತನ್ನ ಹಳೆಯ ಮೇಲ್‌ಗಳನ್ನು ಹುಡುಕಿದಳು. ಎರಡು ವರ್ಷದ ಹಿಂದಿನ ಮಾರ್ಚ್. ಒಂಬತ್ತನೇ ತಾರೀಕು ಅಲ್ಲಿತ್ತು. ‘ಒಂದು ಸಣ್ಣ ಪ್ರಶ್ನೆ’ ಎಂಬ ತಲೆಬರಹ. ತೆರೆದು ಓದಿದ್ದ ಗುರುತು. ಅದಕ್ಕಿಂತ ಎರಡು ಗಂಟೆ ಮೊದಲು ಬಂದ ಇನ್ನೊಂದು ಮೇಲ್‌ನಲ್ಲಿ, ಲೇಖನಕ್ಕೆ ಯಾರ ಹೆಸರಾದ ಮೇಲೆ ಯಾರ ಹೆಸರು ಎಂಬ ಪಟ್ಟಿ. ಲಿನಿಯಾ ಮೊದಲು. ಒಫೀಲಿಯಾ ಹನ್ನೊಂದನೆಯವಳು.

ಆ ದಿನ ನೆನಪಿತ್ತು. ಪ್ರಶ್ನೆ ಓದಿದ್ದು ನೆನಪಿತ್ತು. ‘ಬೇಕಿದ್ದರೆ ಎದ್ದು ಬಂದು ಕೇಳಲಿ’ ಎಂದುಕೊಂಡು ಕಂಪ್ಯೂಟರ್ ಮುಚ್ಚಿದ್ದೂ ನೆನಪಿತ್ತು. ಮರೆತದ್ದು ಅದು ಏನು ಪ್ರಶ್ನೆ ಎನ್ನುವುದು ಮಾತ್ರ.

ಉತ್ತರ ಒಂದೇ ಪದದ್ದು. ತಿದ್ದಿದೆ.

ಅವಳು ಕಿಟಕಿಯ ಬಳಿ ಹೋಗಿ ನಿಂತಳು. ಕೆಳಗೆ ಅಂಗಳದಲ್ಲಿ ಲಿನಿಯಾ ಕೇಕಿನ ದೊಡ್ಡ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲನ್ನು ಬೆನ್ನಿನಿಂದ ತಳ್ಳುತ್ತಿದ್ದಳು. ಈಗಲೇ ಇಳಿದು ಹೋಗಿ ಹೇಳಬಹುದಿತ್ತು. ಒಂಬತ್ತೂ ಮುಕ್ಕಾಲು. ಹತ್ತಾಯಿತು. ಹನ್ನೆರಡಾಯಿತು. ಸಹಿ ಹಾಕಿದ ಕಾಗದ ಲಿನಿಯಾಳ ಮೇಜಿನ ಮೇಲಿತ್ತು. ತಪ್ಪನ್ನು ಹೇಳುವುದಾದರೆ ಈಗ ಮೂರನ್ನು ಹೇಳಬೇಕು: ಸಾಲು, ಸಹಿ, ಮೇಲ್. ಮೂರರಲ್ಲಿ ಲಿನಿಯಾಳದು ಒಂದೂ ಅಲ್ಲ.

*

ಎರಡಕ್ಕೆ ಐದು ನಿಮಿಷವಿದ್ದಾಗ ಸಭೆಯ ಕೋಣೆಯಲ್ಲಿ ಹದಿನಾಲ್ಕು ಜನ ಸೇರಿದ್ದರು. ಗೋಡೆಯ ಪರದೆಯಲ್ಲಿ ಚಿಲಿ ದೇಶದ ಇಬ್ಬರು. ಪತ್ರಿಕೆಯ ಹೆಂಗಸು ಕ್ಯಾಮೆರಾ ಹಿಡಿದು ಮೂಲೆಯಲ್ಲಿದ್ದಳು. ಕೇಕಿನ ಮೇಲೆ ಕೆನೆಯಲ್ಲಿ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ. ವರ್ನನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದ.

“ಎರಡು ವರ್ಷ ಇದರ ಮೇಲೆ ಡ್ರಿಲ್ ಬಿಟ್ಟು ಮಲಗಿದ್ವು,” ಎಂದ. “ವಿಶ್ವದಲ್ಲಿ ತೂತು ಕಂಡ್ರೆ ನನ್ನ ಬೈಬೇಡಿ.”

ಎಲ್ಲರೂ ನಕ್ಕರು. ಲಿನಿಯಾ ಲಕೋಟೆಯನ್ನೂ ಚಿಕ್ಕ ಚಾಕುವನ್ನೂ ತೆಗೆದುಕೊಂಡು ಒಫೀಲಿಯಾಳ ಕೈಗೆ ಕೊಟ್ಟಳು. ಲಿನಿಯಾಳ ಬೆರಳು ತಣ್ಣಗಿದ್ದವು. ಕತ್ತಿನ ನರ ಪಟಪಟ ಹೊಡೆದುಕೊಳ್ಳುತ್ತಿತ್ತು. ಮೊದಲ ಸಲ ಬೋರ್ಡಿನ ಮುಂದೆ ನಿಂತ ದಿನವೂ ಅದು ಹೀಗೇ ಹೊಡೆದುಕೊಂಡಿತ್ತು.

ಒಫೀಲಿಯಾ ಚಾಕುವಿನ ತುದಿಯನ್ನು ಲಕೋಟೆಯ ಮಡಿಕೆಯೊಳಗೆ ತೂರಿಸಿದಳು. ಕ್ಯಾಮೆರಾ ಕ್ಲಿಕ್ ಎಂದಿತು.

“ಇದನ್ನ ಇವತ್ತು ತೆರೆಯೋ ಹಾಗಿಲ್ಲ,” ಎಂದಳು.

ಯಾರೋ ತಮಾಷೆ ಎಂದುಕೊಂಡು ನಕ್ಕು, ಅರ್ಧಕ್ಕೇ ನಿಲ್ಲಿಸಿದರು.

“ನಲವತ್ತೊಂದನೇ ಸಾಲು ನೋಡು. ಆರು ಸಾವಿರದ ಐನೂರ ಎಪ್ಪತ್ತೊಂಬತ್ತು ಅಲ್ಲ, ಆರು ಸಾವಿರದ ಇನ್ನೂರ ಹದಿನಾಲ್ಕು. ನನ್ನ ಪಟ್ಟಿಯಲ್ಲಿ ಆಗಲೇ ತಿದ್ದಿತ್ತು. ಅರವತ್ತನಾಲ್ಕರಲ್ಲೂ ತಿದ್ದಿತ್ತು.”

ಲಿನಿಯಾ ಮೇಜಿನ ಕಂಪ್ಯೂಟರಿನಲ್ಲಿ ಸಾಲು ತೆಗೆದಳು. ಹತ್ತು ಸೆಕೆಂಡು ಹಿಡಿಯಲಿಲ್ಲ. ಅವಳ ಮುಖದ ಕೆಂಪು ಕುತ್ತಿಗೆಯವರೆಗೆ ಇಳಿಯಿತು.

“ಯಾವಾಗ ಗೊತ್ತಾಯ್ತು?” ಎಂದು ಮೆಲ್ಲಗೆ ಕೇಳಿದಳು.

“ನಿನ್ನೆ. ಬೆಳಿಗ್ಗೆ ಹತ್ತೂ ನಲವತ್ತಕ್ಕೆ.”

“ಸಹಿ?”

“ಗೊತ್ತಾದ ಮೇಲೆ ಹಾಕಿದ್ದು. ನೀನು ಮಾರ್ಚ್ ಒಂಬತ್ತಕ್ಕೆ ಕೇಳಿದ್ದೆ. ನಾನು ಓದಿದ್ದೆ. ಉತ್ತರ ಬರೀಲಿಲ್ಲ, ಅಷ್ಟೇ.”

“ಮರೆತುಹೋಗಿತ್ತಾ?”

ಕೋಣೆಯಲ್ಲಿದ್ದವರೆಲ್ಲ ಕೇಕನ್ನು ನೋಡುತ್ತಿದ್ದರು. ಹೌದು ಎಂದರೆ ಮುಗಿಯುತ್ತಿತ್ತು. ಲಿನಿಯಾ ಅದಕ್ಕೊಂದು ಬಾಗಿಲು ತೆರೆದಿಟ್ಟಿದ್ದಳು. ಅದನ್ನೂ ಅವಳೇ ಕೊಡುತ್ತಿದ್ದಳು.

“ಇಲ್ಲ,” ಎಂದಳು ಒಫೀಲಿಯಾ. ಲಕೋಟೆಯನ್ನು ವರ್ನನ್ನನ ಕೈಗೆ ವಾಪಸು ಕೊಟ್ಟಳು.

ಪತ್ರಿಕೆಯ ಹೆಂಗಸಿನ ಹತ್ತಿರ ಲಿನಿಯಾ ಹೋಗಿ ಏನೋ ಹೇಳಿದಳು. ಚಿಲಿಯವರು ಪರದೆಯಿಂದ ಮಾಯವಾದರು. ಒಬ್ಬೊಬ್ಬರೇ ಕಾಗದದ ತಟ್ಟೆಯಲ್ಲಿ ಕೇಕು ಹಾಕಿಕೊಂಡು, ಸದ್ದಿಲ್ಲದೆ ಹೊರಗೆ ಹೋದರು. ಪ್ರಶ್ನಾರ್ಥಕದ ಕೆಳಗಿನ ಚುಕ್ಕೆಯನ್ನು ಯಾರೂ ಮುಟ್ಟಿರಲಿಲ್ಲ. ಕೋಣೆಯಲ್ಲಿ ಇಬ್ಬರೇ ಉಳಿದರು. ಲಿನಿಯಾ ಕುರ್ಚಿ ಎಳೆದುಕೊಂಡು, ನಾನೂರ ಹನ್ನೆರಡನೆಯ ಸಾಲಿಗೆ ಹೋಗಿ, ಅದರ ಮುಂದಿನ ತಿದ್ದುಪಡಿಯ ಸಾಲನ್ನು ಅಳಿಸಿದಳು. ತನ್ನ ಟಿಪ್ಪಣಿಯನ್ನು ಅಳಿಸಲಿಲ್ಲ. ಅದರ ಕೆಳಗೆ ಬರೆದಳು: ‘ಉತ್ತರ ಬಂದಿದೆ.’ ಅಲ್ಲಿ ಕೈ ತಡೆದಳು.

“ಯಾವ ತಾರೀಕು ಹಾಕ್ಲಿ?” ಎಂದಳು, ತಿರುಗದೆ. “ನಿನ್ನೇದಾ, ಇವತ್ತಿಂದಾ?”

ಒಫೀಲಿಯಾ ಪಕ್ಕದ ಕುರ್ಚಿಯಲ್ಲಿ ಕೂತಳು. ಹದಿನಾರು ವರ್ಷದ ಹಿಂದೆ ಇಬ್ಬರೂ ಹೀಗೇ ಕೂರುತ್ತಿದ್ದರು, ಒಬ್ಬಳು ಅಂಕಿ ಓದುವುದು, ಇನ್ನೊಬ್ಬಳು ಗುರುತು ಹಾಕುವುದು. ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು ಅವಳು ಎರಡೂ ತಾರೀಕು ಬರೆದಳು. ಮೊದಲನೆಯದರ ಮುಂದೆ, ಬೆಳಿಗ್ಗೆ 10.40. ಎರಡನೆಯದರ ಮುಂದೆ, ಮಧ್ಯಾಹ್ನ 2.00. ಲಿನಿಯಾ ಅದನ್ನು ಓದಿ, ಉಳಿಸುವ ಗುಂಡಿ ಒತ್ತಿದಳು.

“ಒಂದನೇ ಸಾಲಿಂದ ಓದಿ,” ಎಂದಳು. ಧ್ವನಿಯಲ್ಲಿ ಏನೂ ಇರಲಿಲ್ಲ.

ಒಫೀಲಿಯಾ ಓದತೊಡಗಿದಳು. ಹಾಳೆ ನೋಡುವ ಅಗತ್ಯವಿರಲಿಲ್ಲ. ಕಿಟಕಿಯ ಕೆಳಗೆ ಅಂಗಳದ ಬೆಂಚಿನಲ್ಲಿ ವರ್ನನ್ ಒಬ್ಬನೇ ಕೂತು ಕೇಕು ತಿನ್ನುತ್ತಿದ್ದ. ಬಿಸಿ ಗಾಳಿ ಎದ್ದಿತ್ತು. ಲಕೋಟೆ ಹಾರಿಹೋಗದಂತೆ ಅವನು ಅದನ್ನು ತನ್ನ ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಕಂದು ಬಣ್ಣದ ಒಂದು ಮೂಲೆ ಮಾತ್ರ ಹೊರಗೆ, ಬಿಸಿಲಿನಲ್ಲಿ ಅಲುಗುತ್ತಿತ್ತು.